ಬಳ್ಳಾರಿ ಧೂಳು, ಬಿಳಿ ಕಾರು: ಮನೆಯಲ್ಲೇ ತೊಳೆದು ಪಾಲಿಷ್ ಮಾಡಿ ವ್ಯಾಕ್ಸ್ ಹಾಕಿದ್ದು

ಬಳ್ಳಾರಿಯಲ್ಲಿ ಕಾರಿನ ಮೇಲೆ ಕೂರುವ ಧೂಳು ಬರೀ ಮಣ್ಣಲ್ಲ. ಅದರಲ್ಲಿ ಕಬ್ಬಿಣದ ಅದಿರೂ ಸೇರಿರುತ್ತದೆ. ಸಂಡೂರು ಬೆಟ್ಟಗಳಲ್ಲಿ ಸಿಗುವ ಅದಿರು ಹೆಚ್ಚಾಗಿ ಹೆಮಟೈಟ್. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಹೆಮಟೈಟ್ ಸುಮಾರು 5.5ರಿಂದ 6.5ರವರೆಗೆ ಬರುತ್ತದೆ. ಸಾಮಾನ್ಯ ಚಾಕುವಿನ ಉಕ್ಕು 5.5ರ ಆಸುಪಾಸು. ಬಾನೆಟ್ ಮೇಲಿನ ಕೆಂಪು ಪುಡಿ ಚಾಕುವಿನಷ್ಟೇ ಗಟ್ಟಿ ಅಂತಾಯಿತು. ಅದರ ಮೇಲೆ ದಿನಾ ಬೆಳಿಗ್ಗೆ ಒಣ ಬಟ್ಟೆ ಎಳೆದರೆ ಬಣ್ಣ ಏನಾಗುತ್ತದೆ ಅಂತ ಯೋಚನೆ ಮಾಡಿ.

ನಮ್ಮದು 2016ರ ಬಿಳಿ ಹ್ಯಾಚ್‌ಬ್ಯಾಕ್. ಕುಡತಿನಿ ದಾಟಿ ತೋರಣಗಲ್ಲು ಕಡೆ ಕೆಲಸಕ್ಕೆ ಓಡಾಡುವ ಗಾಡಿ. ಆ ರಸ್ತೆಯಲ್ಲಿ ಅದಿರು ಲಾರಿ, ಹಾರುಬೂದಿ ಟ್ಯಾಂಕರ್, ಸಿಮೆಂಟ್ ಲಾರಿ ಎಲ್ಲ ಸಾಲಾಗಿ ಹೋಗುತ್ತವೆ. ಅವುಗಳ ಹಿಂದೆ ಹೋದರೆ ಕಾರಿನ ಮುಂಭಾಗಕ್ಕೆ ಪುಡಿ ಬಡಿಯುತ್ತಲೇ ಇರುತ್ತದೆ. ದೂರದಿಂದ ನೋಡಿದರೆ ಕಾರು ಬಿಳಿಯಾಗಿಯೇ ಕಾಣುತ್ತಿತ್ತು. ಹತ್ತಿರ ಬಂದರೆ ಬಾಗಿಲ ಕೆಳಗೆ, ಡಿಕ್ಕಿ ಬಾಗಿಲ ಮೇಲೆ ಸಾಸಿವೆಗಿಂತ ಚಿಕ್ಕ ಕಿತ್ತಳೆ ಬಣ್ಣದ ಚುಕ್ಕಿಗಳು. ಕೈ ಸವರಿದರೆ ನುಣುಪಿಲ್ಲ, ತರಿತರಿ.

ಅಕ್ಕನ ಮಗ ರಜೆಗೆ ಬಂದಿದ್ದ. ಕೈ ಜೋಡಿಸುತ್ತೇನೆ ಅಂದ. ಚುಕ್ಕಿಗಳನ್ನು ನೋಡಿ ಅವನು ಕೇಳಿದ ಮೊದಲ ಪ್ರಶ್ನೆ, "ಮಾಮಾ, ಕಾರಿಗೆ ತುಕ್ಕು ಹಿಡೀತಾ?"

"ತುಕ್ಕೇ ಹೌದಪ್ಪ. ಆದ್ರೆ ನಮ್ಮ ಕಾರಿಂದಲ್ಲ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಕೆಲಸದ ಅರ್ಧ ಭಾಗ ನಿಂತಿರುವುದು ಇದರ ಮೇಲೆಯೇ. ಕಾರಿನ ಮೇಲೆ ಎರಡು ಥರದ ಕಬ್ಬಿಣ ಕೂರುತ್ತದೆ. ಒಂದು, ಅದಿರಿನ ಪುಡಿ. ಅದು ಆಗಲೇ ಆಕ್ಸೈಡ್ ಆಗಿರುವ ಕಬ್ಬಿಣ. ಹೊಸದಾಗಿ ತುಕ್ಕು ಹಿಡಿಯುವುದಿಲ್ಲ. ಬಣ್ಣದ ಮೇಲೆ ಸುಮ್ನೆ ಕೂತಿರುತ್ತದೆ, ಸಂದಿಗಳಲ್ಲಿ ಸೇರಿಕೊಳ್ಳುತ್ತದೆ. ನೀರು, ಶಾಂಪೂ, ಒಂದಿಷ್ಟು ತಾಳ್ಮೆ ಇದ್ದರೆ ಹೋಗುತ್ತದೆ. ಇನ್ನೊಂದು, ಲೋಹದ ಚೂರು. ಬ್ರೇಕ್ ಡಿಸ್ಕ್ ಸವೆದಾಗ, ಎಲ್ಲಾದರೂ ಗ್ರೈಂಡಿಂಗ್ ನಡೆದಾಗ, ರೈಲಿನ ಚಕ್ರ ಹಳಿಗೆ ಉಜ್ಜಿದಾಗ ಹಾರುವ ಸಣ್ಣ ಚೂರುಗಳು ಇವು. ಬಿಸಿಯಾಗಿ, ಚೂಪಾಗಿ ಬಂದು ಬಣ್ಣಕ್ಕೆ ಚುಚ್ಚಿಕೊಂಡು ನಿಲ್ಲುತ್ತವೆ. ಆಮೇಲೆ ಅಲ್ಲೇ ತುಕ್ಕು ಹಿಡಿದು ಕಿತ್ತಳೆ ಚುಕ್ಕಿಯಾಗುತ್ತವೆ. ಶಾಂಪೂ ಹಾಕಿ ಎಷ್ಟು ಉಜ್ಜಿದರೂ ಹೋಗಲ್ಲ. ಉಜ್ಜಿದಷ್ಟೂ ಗೀರು ಜಾಸ್ತಿ ಬೀಳುತ್ತದೆ, ಅಷ್ಟೇ.

ಅದಕ್ಕೇ ನಾವು ಶುರುವಿನಲ್ಲೇ ಒಂದು ತೀರ್ಮಾನ ಮಾಡಿಕೊಂಡೆವು. ಕೈ ಹಾಕಿ ಉಜ್ಜುವುದು ಕೊನೆಗೆ. ಅದಕ್ಕೂ ಮೊದಲು ನೀರು ಮತ್ತು ರಸಾಯನದಿಂದ ಎಷ್ಟು ಹೋಗುತ್ತದೋ ಅಷ್ಟನ್ನೂ ತೆಗೆಯಬೇಕು.

ಯಾವ ನೀರು ಎಲ್ಲಿಗೆ

ನಮ್ಮ ಮನೆಗೆ ಎರಡು ನೀರು. ಒಂದು ಬೋರ್, ಇನ್ನೊಂದು ನಲ್ಲಿ. ನಲ್ಲಿಯಲ್ಲಿ ಬರುವುದು ತುಂಗಭದ್ರಾ ಕಾಲುವೆ ನೀರು. ಅದು ದಿನಾ ಬರುವುದಿಲ್ಲ, ಬಂದಾಗ ಸಂಪಿಗೆ ತುಂಬಿಸಿಕೊಳ್ಳಬೇಕು. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿದರೆ ನಮ್ಮ ಬೋರ್ ನೀರು ಸಾವಿರ ದಾಟುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಹೇಳುವ ಮಿತಿ ಲೀಟರಿಗೆ 500 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ ಒಪ್ಪುತ್ತದೆ. ಕುಡಿಯುವುದು ಬೇರೆ ಮಾತು, ಕಾರಿಗೆ ಈ ನೀರು ಒಳ್ಳೆಯದಲ್ಲ. ನೀರು ಆರಿದ ಮೇಲೆ ಅದರಲ್ಲಿದ್ದ ಸುಣ್ಣದ ಅಂಶ ಹನಿಯ ಆಕಾರದಲ್ಲೇ ಬಿಳಿ ಕಲೆಯಾಗಿ ಉಳಿಯುತ್ತದೆ. ಬಿಸಿಲಲ್ಲಿ ಹಾಗೇ ಬಿಟ್ಟರೆ ಕಲೆ ಬಣ್ಣದೊಳಕ್ಕೆ ಇಳಿಯುತ್ತದೆ. ಆಗ ಪಾಲಿಷ್ ಮಾಡದೆ ಹೋಗಲ್ಲ.

ಅದಕ್ಕೆ ನೀರನ್ನು ಹಂಚಿಕೊಂಡೆವು. ಗಾಲಿ, ಮಡ್‌ಗಾರ್ಡ್ ಒಳಗಿನ ಮಣ್ಣು, ಮೊದಲ ಸುತ್ತಿನ ಧೂಳು, ಇಷ್ಟಕ್ಕೆ ಬೋರ್ ನೀರು. ಶಾಂಪೂ ಕಲಸಲು, ಕೊನೆಗೆ ಜಾಲಿಸಲು ಕಾಲುವೆ ನೀರು. ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಯಂತ್ರ ಬೇಡವೆಂದು ಹೊರಗೆ ಬಿಡುವ ನೀರನ್ನು ತುಂಬಾ ಮನೆಗಳಲ್ಲಿ ಬಕೆಟ್‌ಗೆ ಹಿಡಿದು ಕಾರು ತೊಳೆಯಲು ಇಟ್ಟುಕೊಳ್ಳುತ್ತಾರೆ. ನೀರು ಉಳಿಸುವ ಮನಸ್ಸು ಒಳ್ಳೆಯದೇ. ಆದರೆ ಆ ನೀರಿನಲ್ಲಿ ಲವಣ ಬೋರ್ ನೀರಿಗಿಂತಲೂ ಜಾಸ್ತಿ. ಗಾಲಿ ತೊಳೆಯಲು ಬಳಸಿ, ಕೊನೆಯ ಜಾಲಿಗೆ ಬೇಡ. ಎಸಿಯಿಂದ ತೊಟ್ಟಿಕ್ಕುವ ನೀರು ಇದಕ್ಕೆ ಪೂರ್ತಿ ಉಲ್ಟಾ. ಗಾಳಿಯಲ್ಲಿನ ಆವಿ ತಣಿದು ಆದ ನೀರು ಅದು, ಲವಣ ತೀರಾ ಕಡಿಮೆ. ಅದನ್ನು ಬಾಟಲಿಗೆ ಹಿಡಿದಿಟ್ಟು ಗಾಜು ಒರೆಸಲು ಇಟ್ಟುಕೊಂಡೆವು.

ಹೊತ್ತೂ ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಬಾನೆಟ್ ಮೇಲೆ ಕೈ ಇಡೋಕಾಗಲ್ಲ. ಆಷಾಢದಲ್ಲಿ ಗಾಳಿ, ತೊಳೆದ ಬೆನ್ನಿಗೇ ಧೂಳು. ನಾವು ಆಯುಧ ಪೂಜೆಗೆ ಸ್ವಲ್ಪ ಮುಂಚೆ ಈ ಕೆಲಸ ಇಟ್ಟುಕೊಂಡೆವು. ಶನಿವಾರ ಇಳಿಹೊತ್ತಿಗೆ ತೊಳೆಯುವುದು, ಭಾನುವಾರ ಬೆಳಿಗ್ಗೆ ಬಿಸಿಲು ಏರುವ ಮೊದಲು ಪಾಲಿಷ್, ಆಮೇಲೆ ವ್ಯಾಕ್ಸ್. ಮನೆಯ ಪೂರ್ವಕ್ಕೆ ಎತ್ತರದ ಗೋಡೆ ಇರುವುದರಿಂದ ಒಂಬತ್ತರವರೆಗೆ ನೆರಳು ಸಿಗುತ್ತದೆ.

ತೊಳೆಯುವುದು

ಮೊದಲು ಗಾಲಿಗಳು. ಬ್ರೇಕ್ ಪುಡಿ ಎಲ್ಲಕ್ಕಿಂತ ಜಾಸ್ತಿ ಇರುವುದು ಅಲ್ಲಿ. ಅದಕ್ಕೆ ಬೇರೆ ಬಕೆಟ್, ಬೇರೆ ಬ್ರಷ್, ಬೇರೆ ಬಟ್ಟೆ. ಗಾಲಿಗೆ ಮುಟ್ಟಿಸಿದ ಬಟ್ಟೆ ಬಾಡಿಗೆ ಮುಟ್ಟಬಾರದು. ಇದರಲ್ಲಿ ರಾಜಿ ಇಲ್ಲ.

ಆಮೇಲೆ ನೊರೆ. ಪ್ರೆಶರ್ ವಾಷರ್ ಇದ್ದರೆ ಒಳ್ಳೆಯದು, ನಮ್ಮಲ್ಲಿ ಇಲ್ಲ. ಹೂಗಿಡಗಳಿಗೆ ಔಷಧಿ ಹೊಡೆಯುವ ಎರಡು ಲೀಟರಿನ ಕೈಪಂಪು ಕ್ಯಾನ್ ಸಾಕಾಗುತ್ತದೆ. ಒಂದು ಎಚ್ಚರಿಕೆ. ನಮ್ಮ ಕಡೆ ಮೆಣಸಿನಕಾಯಿ, ಹತ್ತಿ ಬೆಳೆಯುವ ಮನೆಗಳಲ್ಲಿ ಹಳೆ ಕ್ಯಾನ್ ಒಂದಾದರೂ ಬಿದ್ದಿರುತ್ತದೆ. ಕೀಟನಾಶಕ ತುಂಬಿದ್ದ ಕ್ಯಾನನ್ನು ಇದಕ್ಕೆ ತೆಗೆದುಕೊಳ್ಳಬೇಡಿ. ಹೊಸದನ್ನೇ ತನ್ನಿ, ದುಬಾರಿ ಏನಲ್ಲ. ಕಾರು ಶಾಂಪೂವನ್ನು ಡಬ್ಬಿಯ ಮೇಲೆ ಬರೆದ ಅಳತೆಯಲ್ಲಿ ಕಲಸಿ ಕೆಳಗಿನಿಂದ ಮೇಲಕ್ಕೆ ಇಡೀ ಕಾರಿಗೆ ಸಿಂಪಡಿಸಿ. ನಾಲ್ಕೈದು ನಿಮಿಷ ಬಿಡಿ. ಈ ಹೊತ್ತಿನಲ್ಲಿ ಯಾರೂ ಕಾರನ್ನು ಮುಟ್ಟಬಾರದು. ಕೆಂಪು ನೀರು ಬಾಗಿಲುಗಳ ಮೇಲಿಂದ ಗೆರೆಗೆರೆಯಾಗಿ ಇಳಿಯುವುದನ್ನು ನಿಂತು ನೋಡಿ. ಹಾಗೆ ಇಳಿದದ್ದು ನಿಮ್ಮ ಕೈಗೆ ಸಿಕ್ಕಿ ಬಣ್ಣ ಗೀರದೆ ಹೋದ ಅದಿರು. ನೊರೆ ಒಣಗುವ ಮೊದಲೇ ನೀರು ಬಿಟ್ಟು ಜಾಲಿಸಬೇಕು.

ನಮ್ಮ ಕಾರಿಗೆ ಇದನ್ನು ಎರಡು ಸಲ ಮಾಡಿದೆವು. ಮೊದಲ ಸಲ ನೀರು ಇಟ್ಟಿಗೆ ಬಣ್ಣಕ್ಕೆ ಇಳಿಯಿತು, ಎರಡನೇ ಸಲ ತೆಳುವಾಯಿತು. ಬಾಗಿಲ ಸಂದಿ, ಪೆಟ್ರೋಲ್ ಮುಚ್ಚಳದ ಒಳಗೆ, ವೈಪರ್ ಕೆಳಗೆ, ನಂಬರ್ ಪ್ಲೇಟ್ ಸುತ್ತ ಹಳೆ ಪೇಂಟಿಂಗ್ ಬ್ರಷ್‌ನಿಂದ ಮೆಲ್ಲಗೆ ಆಡಿಸಿದೆವು.

ಕೈ ಹಾಕುವುದು ಇದಾದ ಮೇಲೆ. ಎರಡು ಬಕೆಟ್ ಬೇಕು. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಬರೀ ನೀರಿನ ಬಕೆಟ್ ತಳದಲ್ಲಿ ಪ್ಲಾಸ್ಟಿಕ್ ಜರಡಿಯನ್ನು ಬೋರಲು ಹಾಕಿದೆವು. ಮಿಟ್ ಅನ್ನು, ಅಂದರೆ ಕೈಗವಸಿನಂತೆ ಹಾಕಿಕೊಂಡು ತೊಳೆಯುವ ಬಟ್ಟೆಯನ್ನು, ಅದರ ಮೇಲೆ ಆಡಿಸಿದರೆ ಪುಡಿ ಕೆಳಗೆ ಇಳಿದು ಅಲ್ಲೇ ಉಳಿಯುತ್ತದೆ, ಮತ್ತೆ ಮೇಲಕ್ಕೆ ಬರಲ್ಲ. ಶಾಂಪೂನಲ್ಲಿ ಅದ್ದು, ಒಂದು ಬಾಗಿಲು ತೊಳೆ, ಬರೀ ನೀರಿನಲ್ಲಿ ಜಾಲಿಸು, ಮತ್ತೆ ಶಾಂಪೂ. ಮೊದಲು ಟಾಪ್, ಆಮೇಲೆ ಗಾಜು, ಬಾನೆಟ್, ಬಾಗಿಲ ಮೇಲ್ಭಾಗ. ಬಾಗಿಲ ಕೆಳಭಾಗ ಮತ್ತು ಬಂಪರ್ ಕೊನೆಗೆ, ಅದಕ್ಕೆ ಬೇರೆ ಮಿಟ್. ಕೈ ನೇರ ಗೆರೆಯಲ್ಲಿ ಓಡಲಿ, ಗುಂಡಗೆ ಬೇಡ. ಒತ್ತಲೂ ಬೇಡ. ಮಿಟ್‌ನ ತೂಕವೇ ಸಾಕು. ಮೈಕ್ರೋಫೈಬರ್ ಮಿಟ್ ಯಾಕೆ ಅಂದರೆ, ಅದರ ಉದ್ದ ಎಳೆಗಳ ಒಳಗೆ ಪುಡಿ ಸೇರಿಕೊಳ್ಳುತ್ತದೆ. ಸ್ಪಂಜಿನ ಮುಖ ಚಪ್ಪಟೆ. ಪುಡಿ ಸ್ಪಂಜು ಮತ್ತು ಬಣ್ಣದ ನಡುವೆಯೇ ಉಳಿದು ಉಜ್ಜಾಡುತ್ತದೆ.

ಬಟ್ಟೆಯ ವಿಷಯ ಬಂದಾಗ ಬಳ್ಳಾರಿಯವರಿಗೆ ಒಂದು ಮಾತು ಹೇಳಲೇಬೇಕು. ನಮ್ಮೂರು ಜೀನ್ಸ್ ಹೊಲಿಯುವ ಊರು. ಕಟಿಂಗ್‌ನಲ್ಲಿ ಉಳಿದ ತುಂಡುಗಳು ಅಗ್ಗಕ್ಕೆ ಸಿಗುತ್ತವೆ. ಎಷ್ಟೋ ಮಂದಿ ಅದನ್ನೇ ಗಾಡಿ ಒರೆಸಲು ಇಟ್ಟುಕೊಂಡಿರುತ್ತಾರೆ. ಜೀನ್ಸ್ ನೇಯ್ಗೆ ಗಟ್ಟಿ, ಒರಟು. ಪುಡಿ ಒಳಗೆ ಹೋಗಲು ಜಾಗವೇ ಇಲ್ಲ. ಎಂಜಿನ್ ಎಣ್ಣೆ ಒರೆಸಲು, ಚೈನ್ ಒರೆಸಲು ಅದಕ್ಕಿಂತ ಒಳ್ಳೆ ಬಟ್ಟೆ ಇಲ್ಲ. ಕಾರಿನ ಬಣ್ಣದ ಹತ್ತಿರ ಮಾತ್ರ ತರಬೇಡಿ.

ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ಸೋಪು ಎರಡೂ ಬೇಡ. ಅವು ಜಿಡ್ಡು ತೆಗೆಯಲು ಇರುವಂಥವು. ಹಾಕಿದ ವ್ಯಾಕ್ಸನ್ನೂ ತೆಗೆದುಬಿಡುತ್ತವೆ. ಕೆಲವು ಕಡೆ ವಾಟರ್ ಸರ್ವಿಸ್‌ಗೆ ಬಿಟ್ಟರೆ ಕೊನೆಗೆ ಗಾಡಿಯ ಅಡಿಗೆ ಡೀಸೆಲ್ ಹೊಡೆಯುತ್ತಾರೆ. ಕಪ್ಪಗೆ ಮಿಂಚುತ್ತದೆ ನಿಜ. ಆದರೆ ಡೀಸೆಲ್ ತಾಗಿದ ರಬ್ಬರ್ ಬುಷ್‌ಗಳು ಉಬ್ಬಿ ಮೆತ್ತಗಾಗುತ್ತವೆ, ಎಣ್ಣೆಪಸೆಗೆ ಧೂಳು ಇನ್ನೂ ಬೇಗ ಅಂಟುತ್ತದೆ. ಬೇಡ ಅಂತ ಮೊದಲೇ ಹೇಳಿಬಿಡಿ.

ಕಬ್ಬಿಣ ಕರಗಿಸುವುದು

ತೊಳೆದ ಕಾರು ಇನ್ನೂ ಒದ್ದೆ ಇರುವಾಗಲೇ ಐರನ್ ರಿಮೂವರ್ ಹೊಡೆದೆವು. ಹುಡುಗನಿಗೆ ಇಡೀ ಕೆಲಸದಲ್ಲಿ ತುಂಬಾ ಇಷ್ಟವಾದದ್ದು ಇದೇ. ಹೊಡೆದು ಒಂದೆರಡು ನಿಮಿಷಕ್ಕೆ ಚುಕ್ಕಿ ಇದ್ದಲ್ಲೆಲ್ಲ ನೇರಳೆ ಬಣ್ಣ ಮೂಡಿ ಕೆಳಗೆ ಸೋರತೊಡಗಿತು. ಬಿಳಿ ಕಾರಾದ್ದರಿಂದ ಎದ್ದು ಕಂಡಿತು.

"ಮಾಮಾ, ಬಣ್ಣ ಬಿಡ್ತಾ ಇದೆ!"

ಬಣ್ಣ ಅಲ್ಲ. ಆ ದ್ರಾವಣದಲ್ಲಿ ಇರುವುದು ಥಯೋಗ್ಲೈಕೊಲೇಟ್ ಅನ್ನುವ ರಸಾಯನ. ಅದು ಕಬ್ಬಿಣಕ್ಕೆ ಅಂಟಿಕೊಂಡು ನೀರಲ್ಲಿ ಕರಗುವ ಸಂಯುಕ್ತವಾಗುತ್ತದೆ. ಆ ಸಂಯುಕ್ತದ ಬಣ್ಣವೇ ನೇರಳೆ. ಕೂದಲು ತೆಗೆಯುವ ಕ್ರೀಮು, ಕೂದಲು ಗುಂಗುರು ಮಾಡುವ ಲೋಷನ್ನುಗಳಲ್ಲೂ ಇದೇ ಜಾತಿಯ ರಸಾಯನ ಇರುತ್ತದೆ. ಅದಕ್ಕೇ ಆ ಗಂಧಕದ ಕೆಟ್ಟ ವಾಸನೆ. ಕೈಗೆ ಗ್ಲೌಸ್ ಹಾಕಿ, ಗಾಳಿ ಆಡುವ ಕಡೆ ಮಾಡಿ, ಮಕ್ಕಳನ್ನು ಸ್ವಲ್ಪ ದೂರ ನಿಲ್ಲಿಸಿ. ಬಿಸಿ ಬಾಡಿಯ ಮೇಲೆ ಹೊಡೆಯಬೇಡಿ, ಒಣಗಲು ಬಿಡಬೇಡಿ. ಡಬ್ಬಿಯ ಮೇಲೆ ಎಷ್ಟು ನಿಮಿಷ ಅಂತ ಬರೆದಿದೆಯೋ ಅಷ್ಟೇ. ಆಮೇಲೆ ಧಾರಾಳವಾಗಿ ನೀರು ಬಿಟ್ಟು ತೊಳೆಯಿರಿ.

ಗಮನಿಸಿದ ಒಂದು ಸಂಗತಿ. ಅದಿರಿನ ಪುಡಿ ಕೂತಿದ್ದ ಬಾಗಿಲ ಸಂದಿಗಳಲ್ಲಿ ನೇರಳೆ ಅಷ್ಟಾಗಿ ಬರಲಿಲ್ಲ. ಹೆಮಟೈಟ್ ಅಷ್ಟು ಸುಲಭಕ್ಕೆ ಕರಗುವಂಥದ್ದಲ್ಲ. ನೇರಳೆ ಜೋರಾಗಿ ಬಂದದ್ದು ಡಿಕ್ಕಿ ಬಾಗಿಲು, ಹಿಂದಿನ ಬಂಪರ್, ಗಾಲಿಗಳ ಹಿಂದಿನ ಭಾಗದಲ್ಲಿ, ಅಂದರೆ ಬ್ರೇಕ್ ಪುಡಿ ಹಾರಿ ಬೀಳುವ ಜಾಗಗಳಲ್ಲಿ. ಆದ್ದರಿಂದ ಕೆಂಪು ಧೂಳಿಗೆಲ್ಲ ಐರನ್ ರಿಮೂವರ್ ಸುರಿದು ದುಡ್ಡು ಕಳೆಯಬೇಡಿ. ಕೆಂಪು ಪುಡಿಗೆ ನೊರೆ, ಕಿತ್ತಳೆ ಚುಕ್ಕಿಗೆ ಐರನ್ ರಿಮೂವರ್.

ಅದಾದ ಮೇಲೂ ತರಿ ಪೂರ್ತಿ ಹೋಗಿರಲಿಲ್ಲ. ಇದನ್ನು ನೋಡಲು ಒಂದು ಸುಲಭ ದಾರಿ ಇದೆ. ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಬೆರಳಿನಿಂದ ಮೆಲ್ಲಗೆ ಸವರಿ. ಬರಿಗೈಗೆ ಸಿಗದ ಸಣ್ಣ ತರಿಯೂ ಗೊತ್ತಾಗುತ್ತದೆ. ತರಿ ಇದ್ದ ಕಡೆ ಕ್ಲೇ ಬಾರ್ ಆಡಿಸಬೇಕು. ಮಕ್ಕಳಾಟದ ಜೇಡಿಯಂಥ ಮೆತ್ತನೆ ಮುದ್ದೆ ಅದು. ಶಾಂಪೂ ನೀರು ಧಾರಾಳವಾಗಿ ಸಿಂಪಡಿಸಿ, ಮುದ್ದೆಯನ್ನು ಚಪ್ಪಟೆ ಮಾಡಿ, ಹಿಂದೆ ಮುಂದೆ ಜಾರಿಸಬೇಕು. ಮೊದಲು ಗರಗರ ಅನ್ನುತ್ತದೆ, ಆಮೇಲೆ ಸದ್ದಿಲ್ಲದೆ ಜಾರುತ್ತದೆ. ಆಗ ಅಲ್ಲಿಗೆ ನಿಲ್ಲಿಸಿ. ಮುದ್ದೆಯನ್ನು ಆಗಾಗ ಮಡಚಿ ಹೊಸ ಮುಖ ಮೇಲೆ ತನ್ನಿ. ಕೆಳಗೆ ಬಿದ್ದರೆ ಎಸೆಯಿರಿ. ನೆಲದ ಮರಳು ಅಂಟಿದ ಮುದ್ದೆ ಉಪ್ಪುಕಾಗದದ ಕೆಲಸ ಮಾಡುತ್ತದೆ. ಹುಡುಗನ ಕೈಯಿಂದ ಒಂದು ತುಂಡು ಜಾರಿ ಬಿತ್ತು. ಒಟ್ಟಿಗೆ ಇಡೀ ಮುದ್ದೆ ಕೊಡದೆ ನಾಲ್ಕು ತುಂಡು ಮಾಡಿ ಕೊಟ್ಟಿದ್ದರಿಂದ ಉಳಿದ ಮೂರು ಕೈಯಲ್ಲಿದ್ದವು.

ಕ್ಲೇ ಆಡಿಸುವುದರಿಂದಲೂ ಸಣ್ಣ ಗೆರೆಗಳು ಬೀಳುತ್ತವೆ. ಆದ್ದರಿಂದ ಹಿಂದೆಯೇ ಪಾಲಿಷ್ ಮಾಡುವುದಿದ್ದರೆ ಮಾತ್ರ ಕ್ಲೇ ಹಿಡಿಯಿರಿ. ಪ್ರತಿ ಸಲ ತೊಳೆದಾಗಲೂ ಬೇಕಾಗಿಲ್ಲ.

ಒರೆಸಲು 600 ಜಿಎಸ್‌ಎಂನಷ್ಟು (ಚದರ ಮೀಟರಿಗೆ ಇಷ್ಟು ಗ್ರಾಂ ಅನ್ನುವ ಲೆಕ್ಕ) ದಪ್ಪ ಟವೆಲ್. ಟಾಪ್ ಮೇಲೆ ಹರಡಿ ಎರಡು ತುದಿ ಹಿಡಿದು ಮೆಲ್ಲಗೆ ಎಳೆದರೆ ನೀರೆಲ್ಲ ಹೀರಿಕೊಳ್ಳುತ್ತದೆ. ಕನ್ನಡಿಯ ಸಂದಿಯಿಂದ ನೀರು ಸೋರುತ್ತಲೇ ಇರುತ್ತದೆ, ಅಲ್ಲೊಂದು ಚಿಕ್ಕ ಬಟ್ಟೆ ಸಿಕ್ಕಿಸಿಡಿ. ಒಣಗಿದ ಮೇಲೆ ಟಾಪ್ ಮತ್ತು ಹಿಂದಿನ ಗಾಜಿನ ಮೇಲೆ ಹಳೆ ನೀರಿನ ಕಲೆ ಕಂಡವು. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಸೇರಿಸಿ ಬಟ್ಟೆ ನೆನೆಸಿ ಒಂದೆರಡು ನಿಮಿಷ ಕಲೆಯ ಮೇಲೆ ಇಟ್ಟು ತೊಳೆದೆವು. ಸುಣ್ಣಕ್ಕೆ ಹುಳಿ ಸೇರಿದರೆ ಕರಗುತ್ತದೆ. ಗಾಜಿನ ಮೇಲಿನದೆಲ್ಲ ಹೋಯಿತು, ಟಾಪ್ ಮೇಲಿನದು ಅರ್ಧ ಹೋಯಿತು. ಉಳಿದದ್ದು ಪಾಲಿಷ್‌ಗೆ.

ರಾತ್ರಿ ಕಾರಿಗೆ ಕವರ್ ಹೊದಿಸಲಿಲ್ಲ. ಗಾಳಿಗೆ ಕವರ್ ಪಟಪಟ ಬಡಿದು ಒಳಗೆ ಸೇರಿದ ಧೂಳಿನ ಜೊತೆ ಬಣ್ಣಕ್ಕೆ ಉಜ್ಜುತ್ತದೆ. ಶೆಡ್ ಒಳಗೆ ನಿಲ್ಲಿಸಿ, ಬೆಳಿಗ್ಗೆ ಇನ್ನೊಮ್ಮೆ ಬರೀ ನೀರು ಬಿಟ್ಟು ಒರೆಸಿ ಪಾಲಿಷ್ ಶುರು ಮಾಡಿದೆವು. ರಾತ್ರಿ ಕೂತ ತೆಳು ಧೂಳಿನ ಮೇಲೆ ಪ್ಯಾಡ್ ಇಟ್ಟರೆ ಹಿಂದಿನ ದಿನ ಪಟ್ಟ ಶ್ರಮವೆಲ್ಲ ಹೋಗುತ್ತದೆ.

ಪಾಲಿಷ್: ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು

ಇಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ. ಪಾಲಿಷ್ ಅಂದರೆ ಬಣ್ಣಕ್ಕೆ ಏನನ್ನೋ ಸೇರಿಸುವುದಲ್ಲ, ತೆಗೆಯುವುದು. ಬಣ್ಣದ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ. ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ದಪ್ಪ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್. ಕೂದಲಿಗಿಂತ ತೆಳುವಾದ ಆ ಪದರವೇ ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆದು ಒಳಗಿನ ಬಣ್ಣ ಕಾಯುತ್ತದೆ. ಗೀರು ಕಾಣದಂತೆ ಮಾಡಲು ಪಾಲಿಷ್ ಆ ಪದರವನ್ನೇ ಗೀರಿನ ತಳದ ಮಟ್ಟಕ್ಕೆ ಸವೆಸುತ್ತದೆ. ಸವೆದದ್ದು ಮತ್ತೆ ಬರುವುದಿಲ್ಲ. ಬಳ್ಳಾರಿ ಬಿಸಿಲಲ್ಲಿ ಆ ಪದರ ತೆಳುವಾದರೆ ಟಾಪ್ ಮತ್ತು ಬಾನೆಟ್ ಮೊದಲು ಮಂಕಾಗಿ, ಆಮೇಲೆ ಪೊರೆಪೊರೆಯಾಗಿ ಏಳುತ್ತವೆ. ವರ್ಷ ವರ್ಷ ರಬ್ಬಿಂಗ್ ಪಾಲಿಷ್ ಮಾಡಿಸಿದ ಕಾರುಗಳಲ್ಲಿ ಇದನ್ನು ನೀವೂ ನೋಡಿರುತ್ತೀರಿ.

ಬಿಳಿ ಬಣ್ಣದಲ್ಲಿ ಸಣ್ಣ ಗೀರು ಸುಲಭಕ್ಕೆ ಕಾಣಲ್ಲ. ಶೆಡ್ ಕತ್ತಲು ಮಾಡಿ ಮೊಬೈಲ್ ಟಾರ್ಚ್ ಹಿಡಿದರೆ ಬೆಳಕಿನ ಸುತ್ತ ಬಲೆಯಂತೆ ಹರಡಿದ ಗೀರುಗಳು ಕಾಣುತ್ತವೆ. ಒರೆಸುವ ಬಟ್ಟೆ ಮಾಡಿದ ಕೆಲಸ ಅದು. ಉಗುರು ಆಡಿಸಿದಾಗ ಸಿಕ್ಕುವ ಗೀರನ್ನು ಪಾಲಿಷ್‌ನಿಂದ ತೆಗೆಯಲು ಹೋಗಬೇಡಿ. ನಮ್ಮ ಎಡಗಡೆ ಬಾಗಿಲಿಗೆ ಕೌಲ್ ಬಜಾರಿನಲ್ಲಿ ಯಾವುದೋ ಬೈಕಿನ ಹ್ಯಾಂಡಲ್ ತಾಗಿ ಆದ ಅಂಥದೊಂದು ಗೀರಿದೆ. ಅದನ್ನು ಮುಟ್ಟಲಿಲ್ಲ. ಅದಕ್ಕೆ ಟಚ್‌ಅಪ್ ಬಣ್ಣವೇ ಬೇಕು.

ಬಳಸಿದ್ದು ಡಿಎ (ಡ್ಯುಯಲ್ ಆಕ್ಷನ್) ಪಾಲಿಷರ್, ಐದು ಇಂಚಿನ ಪ್ಯಾಡ್. ಈ ಯಂತ್ರದ ಪ್ಯಾಡ್ ತಿರುಗುವುದರ ಜೊತೆಗೆ ಅತ್ತಿತ್ತ ಅಲುಗಾಡುತ್ತದೆ. ಆದ್ದರಿಂದ ಒಂದೇ ಕಡೆ ಬಿಸಿ ಏರುವುದು ಕಡಿಮೆ. ಗ್ಯಾರೇಜುಗಳ ರೋಟರಿ ಯಂತ್ರ ಪಳಗಿದ ಕೈಗೆ ಸರಿ. ಮನೆಯಲ್ಲಿ ಮೊದಲ ಸಲ ಮಾಡುವವರಿಗೆ ಡಿಎ ಸಾಕು. ಮೊದಲು ಕಪ್ಪು ಪ್ಲಾಸ್ಟಿಕ್ ಪಟ್ಟಿ, ರಬ್ಬರ್ ಬೀಡಿಂಗ್, ಲೋಗೋ ಎಲ್ಲಕ್ಕೂ ಮಾಸ್ಕಿಂಗ್ ಟೇಪ್ ಹಚ್ಚಿದೆವು. ಕಪ್ಪು ಪ್ಲಾಸ್ಟಿಕ್‌ಗೆ ಪಾಲಿಷ್ ತಾಗಿ ಒಣಗಿದರೆ ಬಿಳಿ ಕಲೆ ಬಿಡುವುದೇ ಇಲ್ಲ. ಬಾನೆಟ್ ಅಂಚು, ಬಾಗಿಲ ಮಡಿಕೆಗಳಿಗೂ ಟೇಪ್. ಅಂಚುಗಳಲ್ಲಿ ಬಣ್ಣ ಮೊದಲೇ ತೆಳು.

ಬಾನೆಟ್‌ನಲ್ಲಿ ಎರಡಡಿ ಅಗಲ, ಎರಡಡಿ ಉದ್ದದ ಜಾಗ ಗುರುತು ಮಾಡಿ ಅಲ್ಲಿ ಪರೀಕ್ಷೆ. ಮೆತ್ತನೆ ಪ್ಯಾಡ್, ತೀರಾ ಕಡಿಮೆ ಸವೆಸುವ ಫಿನಿಶಿಂಗ್ ಪಾಲಿಷ್, ಕಡಲೆಕಾಳಿನಷ್ಟು ನಾಲ್ಕು ತೊಟ್ಟು. ಯಂತ್ರ ಆಫ್ ಇದ್ದಾಗಲೇ ಪ್ಯಾಡನ್ನು ಬಾಡಿಗೆ ಒತ್ತಿ ಹರಡಿ. ಗಾಳಿಯಲ್ಲಿ ಆನ್ ಮಾಡಿದರೆ ಪಾಲಿಷ್ ಗೋಡೆಗೆಲ್ಲ ಹಾರುತ್ತದೆ. ಮೊದಲು ಕಡಿಮೆ ವೇಗದಲ್ಲಿ ಒಂದು ಸುತ್ತು, ಆಮೇಲೆ ನಾಲ್ಕನೇ ನಂಬರಿಗೆ ಇಟ್ಟು ಅಡ್ಡ, ಆಮೇಲೆ ಉದ್ದ, ಪ್ರತಿ ಸಾಲು ಹಿಂದಿನ ಸಾಲಿನ ಅರ್ಧದ ಮೇಲೆ ಬರುವಂತೆ ನಿಧಾನವಾಗಿ. ಒರೆಸಿ ಟಾರ್ಚ್ ಹಿಡಿದು ನೋಡಿದೆವು. ಗೀರುಗಳಲ್ಲಿ ಹೆಚ್ಚಿನವು ಹೋಗಿದ್ದವು. ಸ್ವಲ್ಪ ಉಳಿದಿದ್ದವು.

"ಇನ್ನೊಂದ್ ಸುತ್ತು ಹೊಡೀಲಾ ಮಾಮಾ?"

"ಬೇಡ, ಸಾಕು. ನಾಳೆಯಿಂದ ಇದೇ ರಸ್ತೇಲಿ ಓಡಾಡೋ ಗಾಡಿ ಇದು."

ಇದೇ ನನ್ನ ನಿಲುವು. ಗಾಡಿ ದಿನಾ ಧೂಳಿನಲ್ಲಿ ಓಡುವುದು ಖಂಡಿತ ಅಂತ ಗೊತ್ತಿದ್ದಾಗ ಕೊನೆಯ ಗೀರನ್ನೂ ಹುಡುಕಿ ತೆಗೆಯುವುದಕ್ಕಿಂತ ಕ್ಲಿಯರ್ ಕೋಟ್ ಉಳಿಸಿಕೊಳ್ಳುವುದು ಮೇಲು. ಹತ್ತು ವರ್ಷದ ನಂತರವೂ ಈ ಬಣ್ಣ ಇರಬೇಕು. ಪಾಲಿಷ್‌ಗಿಂತ ಜೋರಾಗಿ ಸವೆಸುವ ಕಾಂಪೌಂಡ್ ಡಬ್ಬಿ ತಂದಿದ್ದರೂ ಹೆಚ್ಚು ಬಳಸಲಿಲ್ಲ. ಬಾಗಿಲ ಹ್ಯಾಂಡಲ್ ಹಿಂದಿನ ಗುಳಿಗಳಲ್ಲಿ ಉಗುರಿನ ಗೀರು ತುಂಬಿದ್ದವು, ಅಲ್ಲಿಗೆ ಮಾತ್ರ ಬೆರಳಿಗೆ ಪ್ಯಾಡ್ ಸುತ್ತಿ ಕೈಯಿಂದಲೇ ಹಾಕಿದೆವು. ಟಾಪ್ ಮೇಲಿನ ನೀರಿನ ಕಲೆ ಫಿನಿಶಿಂಗ್ ಪಾಲಿಷ್‌ಗೇ ಹೋಯಿತು.

ಬಂಪರ್ ಪಾಲಿಷ್ ಮಾಡುವಾಗ ಹುಷಾರು. ಅದು ಪ್ಲಾಸ್ಟಿಕ್. ಲೋಹದ ಹಾಳೆಯಂತೆ ಬಿಸಿಯನ್ನು ಹರಡಿಕೊಳ್ಳುವುದಿಲ್ಲ, ಬಣ್ಣ ಬೇಗ ಸುಡುತ್ತದೆ. ವೇಗ ಇಳಿಸಿ, ಒತ್ತಡ ಬಿಡಿ. ಎಲ್ಲ ಕಡೆಯೂ ಆಗಾಗ ಅಂಗೈ ಇಟ್ಟು ನೋಡಿ. ಅಂಗೈಗೆ ಹಿತವಾದ ಬೆಚ್ಚಗಿದ್ದರೆ ಸರಿ, ಅದಕ್ಕಿಂತ ಬಿಸಿ ಅನಿಸಿದರೆ ಅಲ್ಲಿ ಬಿಟ್ಟು ಬೇರೆ ಕಡೆ ಹೋಗಿ. ಪ್ರತಿ ಭಾಗ ಮುಗಿದ ಮೇಲೆ ಪ್ಯಾಡನ್ನು ಬ್ರಷ್‌ನಿಂದ ಉಜ್ಜಿ ಸ್ವಚ್ಛ ಮಾಡಿ. ಒಣಗಿದ ಪಾಲಿಷ್ ಪ್ಯಾಡ್‌ನಲ್ಲಿ ಗಂಟುಕಟ್ಟಿದರೆ ಅದೇ ಹೊಸ ಗೀರಿಗೆ ಕಾರಣ.

ಬಿಸಿಲು ಗೋಡೆ ದಾಟಿ ಬರುವ ಹೊತ್ತಿಗೆ ಟಾಪ್, ಬಾನೆಟ್, ಬಲಗಡೆ ಬಾಗಿಲು ಮುಗಿದಿದ್ದವು. ಉಳಿದದ್ದು ಸಂಜೆಗೆ. ನಡುಮಧ್ಯಾಹ್ನ ಹಟ ಹಿಡಿದು ಮಾಡಿದರೆ ಪಾಲಿಷ್ ಹರಡುವ ಮೊದಲೇ ಒಣಗಿ ಪುಡಿಯಾಗುತ್ತದೆ.

ವ್ಯಾಕ್ಸ್

ವ್ಯಾಕ್ಸ್ ಹಾಕುವ ಮೊದಲು ಪಾಲಿಷ್‌ನ ಎಣ್ಣೆಪಸೆ ತೆಗೆಯಬೇಕು. ಒಂದು ಪಾಲು ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ ಮೂರು ಪಾಲು ಡಿಸ್ಟಿಲ್ಡ್ ವಾಟರ್ ಸೇರಿಸಿ ಸಿಂಪಡಿಸಿ ಒರೆಸಿದೆವು. ಎಣ್ಣೆ ಗೀರನ್ನು ಮುಚ್ಚಿರುತ್ತದೆ. ಅದು ಹೋದ ಮೇಲೆ ಕಾಣುವುದೇ ನಿಜವಾದ ಬಣ್ಣ.

ಯಾವ ವ್ಯಾಕ್ಸ್ ಅನ್ನುವುದಕ್ಕೆ ಅಂಗಡಿಯಲ್ಲಿ ಎರಡು ದಾರಿ. ಒಂದು ಕಾರ್ನೂಬಾ. ಬ್ರೆಜಿಲಿನ ಈಶಾನ್ಯ ಭಾಗದ ಒಂದು ತಾಳೆ ಜಾತಿಯ ಮರದ ಎಲೆಯಿಂದ ತೆಗೆಯುವ ಮೇಣ ಅದು. ಬಿಸಿಲಿಗೆ ಎಲೆಯ ನೀರು ಆರದಂತೆ ಮರ ತಾನೇ ಹೊದ್ದುಕೊಳ್ಳುವ ಪದರ. ಸಹಜ ಮೇಣಗಳಲ್ಲೇ ತುಂಬಾ ಗಟ್ಟಿ. ಕರಗುವುದು 82ರಿಂದ 86 ಡಿಗ್ರಿಯ ಆಸುಪಾಸಿನಲ್ಲಿ. ಆದರೆ ಡಬ್ಬಿಯಲ್ಲಿ ಬರುವುದು ಬರೀ ಕಾರ್ನೂಬಾ ಅಲ್ಲ. ಹಚ್ಚಲು ಬರಲಿ ಅಂತ ಎಣ್ಣೆ, ದ್ರಾವಕ, ಬೇರೆ ಮೇಣ ಸೇರಿಸಿರುತ್ತಾರೆ. ನಮ್ಮ ಬೇಸಿಗೆಗೆ ಅದು ಹೆಚ್ಚು ಕಾಲ ನಿಲ್ಲುವುದಿಲ್ಲ. ಇನ್ನೊಂದು ಸಿಂಥೆಟಿಕ್ ಸೀಲೆಂಟ್. ಅದು ಬಣ್ಣಕ್ಕೆ ಹೆಚ್ಚು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಬಿಸಿಲನ್ನೂ ಜಾಸ್ತಿ ತಡೆಯುತ್ತದೆ. ಕಾರ್ನೂಬಾದ ಚೆಲುವು ಕಪ್ಪು, ಕೆಂಪು ಕಾರಿನಲ್ಲಿ ಕಾಣುವಷ್ಟು ಬಿಳಿಯಲ್ಲಿ ಕಾಣುವುದಿಲ್ಲ. ಹಾಗಾಗಿ ನಾವು ಸೀಲೆಂಟ್ ತೆಗೆದುಕೊಂಡೆವು. ಸೆರಾಮಿಕ್ ಕೋಟಿಂಗ್ ಮಾಡಿಸು ಅಂತ ಹೇಳಿದವರು ಇದ್ದಾರೆ. ಅದೂ ಒಳ್ಳೆಯದೇ. ಆದರೆ ಅದನ್ನು ಹಾಕಿದರೂ ತೊಳೆಯುವ ರೀತಿ ಬದಲಾಗದಿದ್ದರೆ ಕೋಟಿಂಗ್ ಮೇಲೆಯೇ ಗೀರು ಬೀಳುತ್ತದೆ.

ಹಚ್ಚುವುದು ತೆಳುವಾಗಿ. ಕಂಡೂ ಕಾಣದಷ್ಟು. ದಪ್ಪ ಹಚ್ಚಿದರೆ ರಕ್ಷಣೆ ಹೆಚ್ಚಲ್ಲ, ಒರೆಸುವ ಕಷ್ಟ ಹೆಚ್ಚು. ಸ್ಪಂಜಿನ ತಟ್ಟೆಯಿಂದ ಹಚ್ಚಿ, ಮಂಜು ಹಿಡಿದಂತೆ ಆದ ಮೇಲೆ ಬೆರಳಿನಿಂದ ಒಂದು ಗೆರೆ ಎಳೆಯಿರಿ. ಗೆರೆ ಸ್ವಚ್ಛವಾಗಿ ಮೂಡಿದರೆ ಒರೆಸುವ ಹೊತ್ತು ಬಂತು. ಮಸುಕಾದರೆ ಇನ್ನೂ ಕಾಯಿರಿ. 350 ಜಿಎಸ್‌ಎಂ ಬಟ್ಟೆಯಿಂದ ಒಂದು ಸಲ ಒರೆಸಿ, ಬಟ್ಟೆ ತಿರುಗಿಸಿ ಇನ್ನೊಮ್ಮೆ. ಆ ರಾತ್ರಿ ನೀರು ತಾಗಬಾರದು. ಎಷ್ಟು ಗಂಟೆ ಅನ್ನುವುದು ಡಬ್ಬಿಯ ಮೇಲಿರುತ್ತದೆ.

ಹೊಳಪು ಬಂತು, ನಿಜ. ಆದರೆ ಈ ಊರಿನಲ್ಲಿ ವ್ಯಾಕ್ಸ್‌ನ ದೊಡ್ಡ ಉಪಕಾರ ಹೊಳಪಲ್ಲ. ಮುಂದಿನ ವಾರ ಕೆಂಪು ಧೂಳು ಕೂತಾಗ ಬರೀ ನೊರೆಗೇ ಹೆಚ್ಚಿನದು ಜಾರಿ ಹೋಯಿತು. ಮಿಟ್ ಆಡಿಸುವ ಕೆಲಸ ಕಡಿಮೆಯಾಯಿತು.

ಆಯುಧ ಪೂಜೆ ದಿನವೂ ಇದು ಕೆಲಸಕ್ಕೆ ಬಂತು. ಅರಿಶಿನ, ಕುಂಕುಮ, ವಿಭೂತಿ ಹಚ್ಚದೆ ಪೂಜೆ ಆಗುತ್ತದಾ? ಆದರೆ ಬಿಳಿ ಬಣ್ಣಕ್ಕೆ ಒದ್ದೆ ಕುಂಕುಮ ತಾಗಿದರೆ ಗುಲಾಬಿ ಕಲೆ ಉಳಿಯಬಹುದು. ಅಮ್ಮನಿಗೆ ಹೇಳಿದೆ, "ಅಮ್ಮಾ, ಕುಂಕುಮ ಗಾಜಿಗೆ, ನಂಬರ್ ಪ್ಲೇಟಿಗೆ ಹಚ್ಚು. ಬಾನೆಟ್‌ಗೆ ಹೂವಿನ ಹಾರ ಸಾಕು." ಒಪ್ಪಿದಳು. ಆದರೂ ಬೂದುಗುಂಬಳ ಒಡೆದಾಗ ಬಂಪರ್‌ಗೆ ಕೆಂಪು ನೀರು ಸಿಡಿಯಿತು. ಸಂಜೆಯೇ ತೊಳೆದೆ, ಕಲೆ ಇಲ್ಲದೆ ಹೋಯಿತು. ಅರಿಶಿನದ ಕಲೆಗೆ ಹೆದರಬೇಕಿಲ್ಲ. ಅದರ ಹಳದಿ ಬಿಸಿಲಿಗೆ ತಾನೇ ಮಾಸುತ್ತದೆ.

ಹಕ್ಕಿ ಹಿಕ್ಕೆ ಮಾತ್ರ ಬಿಸಿಲಿಗೆ ಬಿಡಬಾರದು. ಅದರ ಆಮ್ಲ ಬಿಸಿ ಬಣ್ಣವನ್ನು ಬೇಗ ತಿನ್ನುತ್ತದೆ. ಬೇವಿನ ಮರದ ಕೆಳಗೆ ನಿಲ್ಲಿಸುವ ನಮಗೆ ಇದು ನಿತ್ಯದ ಮಾತು. ಡ್ಯಾಶ್‌ಬೋರ್ಡ್ ಡಬ್ಬದಲ್ಲಿ ಒಂದು ಬಾಟಲಿ ನೀರು, ಒಂದು ಬಟ್ಟೆ ಇರಲಿ. ಒದ್ದೆ ಬಟ್ಟೆಯನ್ನು ಹಿಕ್ಕೆಯ ಮೇಲೆ ಎರಡು ನಿಮಿಷ ಇಟ್ಟು, ಮೆತ್ತಗಾದ ಮೇಲೆ ಎತ್ತಿ ತೆಗೆಯಿರಿ. ಉಜ್ಜಬೇಡಿ.

ಬಟ್ಟೆಗಳನ್ನು ಒಗೆದು ಎತ್ತಿಡುವುದೂ ಇದೇ ಕೆಲಸದ ಭಾಗ. ವ್ಯಾಕ್ಸ್ ಬಟ್ಟೆ ಬೇರೆ, ಒರೆಸುವ ಟವೆಲ್ ಬೇರೆ, ಗಾಲಿಯದು ಬೇರೆ. ಕಂಫರ್ಟ್ ಥರದ ಮೆದುಗೊಳಿಸುವ ದ್ರವ ಹಾಕಬೇಡಿ, ಎಳೆಗಳ ಮೇಲೆ ಪದರ ಕಟ್ಟಿ ನೀರು ಹೀರುವುದಿಲ್ಲ. ಮಾಳಿಗೆ ಮೇಲೆ ಒಣಹಾಕಿದರೆ ಮತ್ತೆ ಅದೇ ಕೆಂಪು ಪುಡಿ ತುಂಬಿಕೊಳ್ಳುತ್ತದೆ. ಮನೆಯೊಳಗೆ ಫ್ಯಾನ್ ಕೆಳಗೆ ಒಣಗಿಸಿ, ಮುಚ್ಚಳದ ಡಬ್ಬದಲ್ಲಿ ಇಟ್ಟಿದ್ದೇವೆ.

ಇನ್ನು ಉಳಿದಿರುವುದು ಹೆಡ್‌ಲೈಟ್. ಬಿಸಿಲಿಗೆ ಅದರ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಹಳದಿಯಾಗಿ ಮಂಕಾಗಿದೆ. 1000, 2000, 3000 ನಂಬರಿನ ಉಪ್ಪುಕಾಗದವನ್ನು ನೀರಲ್ಲಿ ನೆನೆಸಿ ಒಂದರ ನಂತರ ಒಂದು ಹಿಡಿದು, ಪಾಲಿಷ್ ಮಾಡಿ, ಕೊನೆಗೆ ನೇರಳಾತೀತ ಕಿರಣ (ಯುವಿ) ತಡೆಯುವ ಲೇಪ ಹಚ್ಚಬೇಕು. ಆ ಲೇಪ ಬಿಟ್ಟರೆ ಸ್ವಲ್ಪ ದಿನಕ್ಕೇ ಮತ್ತೆ ಹಳದಿ. ಲೇಪಕ್ಕೆ ಆರ್ಡರ್ ಹಾಕಿದ್ದೇನೆ. ಹುಡುಗ ಸಂಕ್ರಾಂತಿ ರಜೆಗೆ ಬಂದಾಗ ಅದನ್ನು ಮಾಡುತ್ತೇವೆ.